ಹೊರಟು ನಿಂತ ಹೊತ್ತು

ನಮ್ಮ ಸಿರ್ಸಿ-ಸಿದ್ದಾಪುರದ ಕಡೆಯವರಿಗೆ ಬರುವುದು ಗೊತ್ತು, ಬಂದು ಕೂರುವುದೂ ಗೊತ್ತು. ಎದ್ದು ಹೋಗುವುದೊಂದು ಮಾತ್ರ ಇಂದಿಗೂ ಕೈಗೆ ಹತ್ತಿಲ್ಲ. ನೆಂಟರು "ಬತ್ತೆ ಹಂಗಾರೆ" ಎಂದರೆ ಹೊರಟೇಬಿಟ್ಟರು ಎಂದು ಬೇರೆ ಊರಿನವರು ತಿಳಿದಾರು. ನಾವು ಹಾಗೆಲ್ಲ ಮೋಸಹೋಗುವುದಿಲ್ಲ. ಎಲೆ-ಅಡಿಕೆಯ ಕವಳದ ತಟ್ಟೆಯನ್ನು ಇನ್ನೊಮ್ಮೆ ಈಚೆ ತಳ್ಳಿ ಎಂಬುದಕ್ಕೆ ಅದು ಸೂಚನೆ. ಎಲೆಗೆ ಸುಣ್ಣ ಹಚ್ಚುತ್ತ ಜಗಲಿಯಲ್ಲಿ ಸ್ವಲ್ಪ ಹೊತ್ತು, ಮೆಟ್ಟಿಲಿಳಿದು ಅಂಗಳದಲ್ಲಿ ಇನ್ನಷ್ಟು ಹೊತ್ತು, ಆಮೇಲೆ ಗೇಟಿಗೆ ಕೈಯಿಟ್ಟಾಗ "ಅಂದ ಹಂಗೆ, ಮರ್ತೇ ಹೋಗಿತ್ತು ನೋಡು" ಎಂದು ಶುರುವಾಗುವ ಕಥೆ. ಆ ಹೊತ್ತಿನಲ್ಲಿ ಮನುಷ್ಯ ಮನೆಯಲ್ಲೂ ಇರುವುದಿಲ್ಲ, ದಾರಿಯಲ್ಲೂ ಇರುವುದಿಲ್ಲ. ತ್ರಿಶಂಕು ನಮ್ಮ ಕಡೆಯವನೇ ಇರಬೇಕು ಎಂದು ನನಗೆ ಬಹಳ ದಿನಗಳ ಗುಮಾನಿ.

ಇಂಥ ಸೀಮೆಯಲ್ಲಿ ಹುಟ್ಟಿಯೂ ನನಗೆ ಬಸ್ಸಿನ ಹುಚ್ಚು. ಮದುವೆಮನೆಯ ಪಂಕ್ತಿಯಲ್ಲಿ ಪಾಯಸ ಬರುವ ಮೊದಲೇ ಗಡಿಯಾರ ನೋಡುವವನು ನಾನು. ಬಸ್ಸು ಹೊರಡುವುದಕ್ಕೆ ಎಷ್ಟೋ ಮೊದಲೇ ನಿಲ್ದಾಣದಲ್ಲಿ ಕೂತು, ಅದು ತಡವಾಗಿ ಬಂದದ್ದಕ್ಕೆ ಕಂಡಕ್ಟರನ ಮೇಲೆ ಸಿಟ್ಟಾಗುವುದು ನನ್ನ ವ್ಯಾಯಾಮ.

ತೊಂಬತ್ತರ ದಶಕದ ಮೊದಲ ವರ್ಷಗಳವು. ಸಿದ್ದಾಪುರದ ಒಂದು ಸೊಸೈಟಿಯಲ್ಲಿ ಗುಮಾಸ್ತನಾಗಿದ್ದೆ. ವಯಸ್ಸು ಮೂವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಅದೂ ಒಂದು ನಡುವಿನ ಅವಸ್ಥೆಯೇ. ಹುಡುಗರ ಜೊತೆ ಕೂತರೆ ಅವರು ಮಾತು ನಿಲ್ಲಿಸುತ್ತಿದ್ದರು, ಸಂಸಾರಸ್ಥರು ಮಾತಾಡುವಲ್ಲಿ ಹೋದರೆ "ನಿಂಗೆಂತ ಗೊತ್ತಾಗ್ತು?" ಎನ್ನುತ್ತಿದ್ದರು. ಕೊಟ್ಟ ಜಾತಕಗಳೆಲ್ಲ ಒಂದೊಂದಾಗಿ ತಿರುಗಿ ಮನೆಗೆ ಬರುತ್ತಿದ್ದವು. ಸೊಸೆಗೆಂದು ಆಯಿ ತೆಗೆದಿಟ್ಟ ಸೀರೆ ಮಡಿಕೆಯಲ್ಲೇ ಹರಿಯತೊಡಗಿತ್ತು. ಕಡೆಗೆ ಸುಬ್ರಾಯ ಮಾವ, ಅಂದರೆ ಆಯಿಯ ಅಣ್ಣ, ಯಲ್ಲಾಪುರದಾಚೆಯ ಕಿರವತ್ತಿಯಲ್ಲೊಂದು ಹುಡುಗಿ ಇದೆಯೆಂದು ಸುದ್ದಿ ತಂದರು. "ಇದೂ ತಪ್ಪಿದ್ರೆ ಆನು ಮತ್ತೆ ಯಾರ ಮನೆ ಮೆಟ್ಲೂ ಹತ್ತತಿಲ್ಲೆ" ಎಂದು ಆಯಿಯ ಎದುರೇ ಹೇಳಿ ನನ್ನನ್ನು ಹೊರಡಿಸಿದರು.

ಹುಡುಗಿಯ ಅಪ್ಪ ಹೆದ್ದಾರಿಯ ಪಕ್ಕ ಲಾರಿಯವರಿಗೆ ಊಟ ಹಾಕುವ ಸಣ್ಣ ಹೋಟೆಲು ಇಟ್ಟಿದ್ದರು. ಮನೆ ಅದರ ಹಿಂದೆಯೇ. ಮೂಲದಲ್ಲಿ ನಮ್ಮ ಕಡೆಯವರೇ ಆದರೂ ಗಿರಾಕಿಗಳ ಸಹವಾಸದಲ್ಲಿ ಅವರ ಮಾತು ಧಾರವಾಡದ ಕಡೆ ವಾಲಿತ್ತು. "ಬರ್ರಿ, ಬರ್ರಿ, ಒಳಗ ಬರ್ರಿ" ಎಂದು ಕರೆದು ಕೂರಿಸಿದರು. ಅವಲಕ್ಕಿ ಬಂತು, ಶಿರಾ ಬಂತು, ಹುಡುಗಿಯೂ ಬಂದು ತಲೆ ತಗ್ಗಿಸದೆ ನನ್ನನ್ನೇ ನೇರವಾಗಿ ನೋಡಿ ಕೂತಳು. ಹೆಸರು ಶಾರದೆ. ನಾನು ಶಿರಾವನ್ನು ನೋಡತೊಡಗಿದೆ. ಮಾತೆಲ್ಲ ಮಾವನದೇ. ಕೊನೆಗೆ ಅವಳ ಅಪ್ಪನಿಗೇ ಕನಿಕರವಾಗಿ, "ಏನರ ಕೇಳೂದಿದ್ರ ಕೇಳ್ರಿ, ಸಂಕೋಚ ಬ್ಯಾಡ" ಎಂದರು. ಎಲ್ಲರೂ ನನ್ನ ಬಾಯಿ ನೋಡಿದರು. ಗಾಬರಿಯಲ್ಲಿ ಬಾಯಿಗೆ ಬಂದದ್ದು ಒಂದೇ ಮಾತು:

"ಯಲ್ಲಾಪುರಕ್ಕೆ ಬಸ್ಸು ಎಷ್ಟೊತ್ತಿಗೆ?"

ಶಾರದೆ ಎದ್ದು ಒಳಗೆ ಹೋದಳು. ಮಾವ ಹಣೆ ಒರೆಸಿಕೊಂಡರು. ಮುಗಿಯಿತು, ಇನ್ನು ಬಸ್ಸಾದರೂ ಸಿಗಲಿ ಎಂದು ನಾನು ಎದ್ದು ನಿಂತೆ.

ಮಾವನೂ "ಹೊರಡವು, ಹೊತ್ತಾತು" ಎಂದರು. ಆದರೆ ಹೊರಡುವುದೆಂದರೆ ಏನೆಂದು ಮೊದಲೇ ಹೇಳಿದೆನಲ್ಲ. ಅವರು ಬಾಗಿಲಲ್ಲಿ ನಿಂತು ಹುಡುಗಿಯ ಅಪ್ಪನ ಹಳೆಯ ಸಂಬಂಧಗಳನ್ನು ಕೆದಕತೊಡಗಿದರು. ಬಿಳಗಿಯಲ್ಲಿ ಇಬ್ಬರಿಗೂ ಬೇಕಾದವರೊಬ್ಬರು ಸಿಕ್ಕಿಯೇಬಿಟ್ಟರು. ನಾನು ಕಣ್ಣಲ್ಲೇ ಅವಸರಪಡಿಸಿದರೆ, "ತಮಾ, ಒಂದು ಕವಳ ಹಾಕ್ತಿದ್ದಂಗೆ ಬಸ್ಸೆಂತ ಓಡಿ ಹೋಗ್ತ?" ಎಂದರು. ಬಸ್ಸು ಓಡಿಯೇ ಹೋಯಿತು. ಹೆದ್ದಾರಿಯಲ್ಲಿ ನನ್ನ ಕಣ್ಣೆದುರೇ ಬಂತು, ನಿಂತಿತು, ಹೋಯಿತು. ಓಡೋಣವೆಂದರೆ ಮನೆಯ ನಾಯಿ ನನ್ನ ಬಲಗಾಲಿನ ಚಪ್ಪಲಿಯ ಮೇಲೆ ತಲೆಯಿಟ್ಟು ಗಾಢ ನಿದ್ದೆಯಲ್ಲಿತ್ತು. ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಮೆಟ್ಟಿಲ ಮೇಲೆ ಪೆಚ್ಚಾಗಿ ನಿಂತಿದ್ದೆ.

"ಎಬ್ಬಸ್ರಿ ಅದನ್ನ" ಎಂಬ ದನಿ ಕೇಳಿತು. ಪಕ್ಕದ ಬಾಗಿಲಲ್ಲಿ ಶಾರದೆ ನಿಂತಿದ್ದಳು.

"ಬೇಡ, ಪಾಪ ಮಲಗಿದೆ. ನಮ್ಮ ಮಾವನ ಮಾತು ಮುಗಿಯುವಷ್ಟರಲ್ಲಿ ಅದು ನಿದ್ದೆ ಮುಗಿಸಿ, ಮುದಿಯಾಗಿ ತಾನೇ ಏಳುತ್ತದೆ" ಎಂದೆ.

ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು. "ಒಳಗ ಕುಂತಾಗ ನಿಮಗ ಮಾತಽ ಬರೂದಿಲ್ಲ ಅನಕೊಂಡಿದ್ದೆ."

"ಒಳಗೆ ಮಾವ ಜಾಗ ಬಿಟ್ಟಿದ್ದರೆ ತಾನೆ?"

ಒಳಗೆ ನಾವು ಹುಡುಗ-ಹುಡುಗಿ. ದಾರಿಗೆ ಬಿದ್ದರೆ ಪರಿಚಯವಿಲ್ಲದವರು. ಆ ಮೆಟ್ಟಿಲ ಮೇಲೆ ಮಾತ್ರ ಇಬ್ಬರೂ ಏನೂ ಆಗಿರಲಿಲ್ಲ, ಅದಕ್ಕೇ ಮಾತು ಸರಾಗವಾಗಿ ಬಂತು. ನಾಯಿ ಎದ್ದು ಹೋದದ್ದು ನನಗೆ ತಿಳಿಯಲೇ ಇಲ್ಲ. ಊಟಕ್ಕೆ ಬಂದ ಲಾರಿಯವನೊಬ್ಬ ನಮ್ಮನ್ನು ಯಲ್ಲಾಪುರಕ್ಕೆ ಬಿಟ್ಟ. ಕೆಲವೇ ದಿನಗಳಲ್ಲಿ ಒಪ್ಪಿಗೆ ಬಂತು. ಸೀರೆ ಪೂರ್ತಿ ಹರಿಯುವ ಮೊದಲು ಉಡುವವಳು ಸಿಕ್ಕಳೆಂದು ಆಯಿ ಕಣ್ಣೊರೆಸಿಕೊಂಡಳು.

ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಮದುವೆಯಾಗಿ ಹತ್ತು ವರ್ಷ ದಾಟಿದ ಮೇಲೆ ಒಂದು ಸಂಜೆ ಸಿರ್ಸಿಯಲ್ಲಿ ಶಾರದೆಯ ಅಕ್ಕನ ಮನೆಯಿಂದ ಹೊರಟಿದ್ದೆವು. ಅಕ್ಕ-ತಂಗಿ ಗೇಟು ಹಿಡಿದು ನಿಂತವರು ನಿಂತೇ ಇದ್ದರು. ಸಿದ್ದಾಪುರದ ಬಸ್ಸಿನ ಹೊತ್ತು ಮೀರುತ್ತಿತ್ತು. "ಹೇಳುವುದನ್ನೆಲ್ಲ ಒಳಗೆ ಕೂತಾಗಲೇ ಹೇಳಿ ಮುಗಿಸಬಾರದೇ? ಗೇಟಿನಲ್ಲಿ ನಿಂತು ಯಾರಿಗೆ ಏನು ಸಿಕ್ಕಿದೆ?" ಎಂದು ರೇಗಿದೆ.

ಶಾರದೆ ತಣ್ಣಗೆ ತಿರುಗಿ ನೋಡಿದಳು. "ಅವತ್ತು ನೀವು ಬಸ್ಸಿನ ಟೈಮ್ ಕೇಳಿದ್ರಲ್ಲ, ನಾ ಸೀದಾ ಅಡಿಗಿಮನಿಗೆ ಹೋಗಿ ಅವ್ವಗ 'ಈ ಹುಡುಗ ಬ್ಯಾಡ' ಅಂತ ಹೇಳಿ ಆಗಿತ್ತು. ನಿಮ್ಮ ಮಾವ ಅಷ್ಟೊತ್ತು ನಿಂದರದಿದ್ರ ನಿಮಗ ಬಸ್ ಸಿಗ್ತಿತ್ತು, ಅಷ್ಟ."

ಅವಳ ಅಕ್ಕ ಗೇಟಿಗೆ ಒರಗಿ ನಗತೊಡಗಿದಳು. ತೀರಿಹೋದ ಸುಬ್ರಾಯ ಮಾವನನ್ನು ಮನಸ್ಸಿನಲ್ಲೇ ನೆನೆದು ಕೈಮುಗಿದೆ. ಆಮೇಲೆ ಗೇಟಿನಿಂದ ವಾಪಸು ಹೋಗಿ, ಮೆಟ್ಟಿದ್ದ ಚಪ್ಪಲಿ ಬಿಚ್ಚಿ ಬದಿಗಿಟ್ಟು, ಮೆಟ್ಟಿಲ ಮೇಲೆ ಕೂತು, "ಎಲ್ಲಿ, ಆ ಕವಳದ ತಟ್ಟೆ ಇತ್ಲಾಗೆ ಕೊಡು" ಎಂದೆ.