ಕೈ ಎತ್ತಲು ಸಮಿತಿಯ ಒಪ್ಪಿಗೆ

ಚರ್ಚಿನ ಸಮಿತಿಗೆ ಕಾರ್ಯದರ್ಶಿಯಾದ ಮೇಲೆ ನಗಲಿಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಭಾನುವಾರ ಬಾಗಿಲು ತೆಗೆದರೆ ಸಾಕು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಈಗ ಉಡುಪಿಯ ನಮ್ಮ ಹಳೆಯ ಪ್ರಾಟೆಸ್ಟೆಂಟ್ ಸಭೆಯ ಕಾರ್ಯದರ್ಶಿ. ಮಿಷನರಿಗಳ ಕಾಲದ ಹೆಂಚಿನ ಕಟ್ಟಡ, ಕಾಲಿನಿಂದ ತುಳಿದು ನುಡಿಸುವ ಹಾರ್ಮೋನಿಯಂ, ಪುಸ್ತಕ ನೋಡಿ ಪ್ರಾರ್ಥನೆ. ಪರೀಕ್ಷೆಯ ಹಾಲಿನಲ್ಲಿ ಕೂತ ಹಾಗೆ ಕೂರುತ್ತೇವೆ. ಕೆಮ್ಮು ಬಂದರೂ ಕೀರ್ತನೆ ಮುಗಿಯುವವರೆಗೆ ತಡೆದುಕೊಳ್ಳುವ ಜನ ನಾವು. ಹೇಳಿಕೊಳ್ಳಲು ನನಗೆ ಹೆಮ್ಮೆಯೇ.

ಅಂಥಲ್ಲಿಗೆ ಕೆಲವು ವರ್ಷಗಳ ಹಿಂದೆ ಯುವಜನರು ಹೊಸ ಆರಾಧನೆ ತಂದರು. ಡ್ರಮ್ಮು, ಚಪ್ಪಾಳೆ, ಎತ್ತಿದ ಕೈ, ಸುರಿಯುವ ಕಣ್ಣೀರು, ಗಟ್ಟಿ ಸ್ವರದಲ್ಲಿ ಹಲ್ಲೆಲೂಯ. ಮಣಿಪಾಲದ ಕಾಲೇಜು ಹುಡುಗರೂ ಬಂದು ಸೇರಿಕೊಂಡರು. ನಮ್ಮ ಸಮಿತಿಯ ಅತ್ಯಂತ ಹಿರಿಯ ಸದಸ್ಯರು ಒಬ್ಬ ನಿವೃತ್ತ ಪೋಸ್ಟ್‌ಮಾಸ್ಟರರು. ಅವರಿಗೆ ಇದು ಒಂಚೂರೂ ಹಿಡಿಸಲಿಲ್ಲ. "ಕೌಂಟರಿನ ಎದುರು ನಿಂತು ಕೂಗಿದರೆ ಕಾಗದ ಬೇಗ ಹೋಗುತ್ತದಾ?" ಎಂದು ಕೇಳಿದರು.

ಯುವಜನರಿಗೂ ರೋಷ ಬಂತು. ತಮಗೆ ಜಾಗ ಕೊಡದಿದ್ದರೆ ಮಣಿಪಾಲದಲ್ಲಿ ಒಂದು ಹಾಲ್ ಹಿಡಿದು ಬೇರೆಯೇ ಆರಾಧನೆ ಮಾಡುತ್ತೇವೆ ಎಂದರು. ಪೋಸ್ಟ್‌ಮಾಸ್ಟರರು, "ಹೋಗುವವರು ಹೋಗಲಿ" ಎಂದುಬಿಟ್ಟರು. ಆ ಮಕ್ಕಳಲ್ಲಿ ಹೆಚ್ಚಿನವರು ನನ್ನ ಸಂಡೇ ಸ್ಕೂಲಿನಲ್ಲಿ ಬೆಳೆದವರು. ಅವರು ಹೋದರೆ ಸಭೆ ಎರಡಾಗುತ್ತದೆ, ನಮ್ಮ ಪಾಲಿಗೆ ಹಾರ್ಮೋನಿಯಂ ಮತ್ತು ಮಂಡಿನೋವು ಉಳಿಯುತ್ತವೆ.

ಹಿಂದಿನ ಬೆಂಚು

ಒಡಕು ತಪ್ಪಿಸಲು ಸಮಿತಿ ಕರೆದೆ. ಆರಾಧನೆಯಲ್ಲಿ ಕೈ ಎತ್ತಬಹುದೇ, ಎತ್ತಿದರೆ ಒಂದೋ ಎರಡೋ, ಭುಜದವರೆಗೋ ತಲೆಯ ಮೇಲಕ್ಕೋ ಎಂದು ಬಿಸಿಬಿಸಿ ಚರ್ಚೆ. ಚಹಾ ಎರಡು ಸಲ ಬಂತು. ಕೊನೆಗೆ ಪೋಸ್ಟ್‌ಮಾಸ್ಟರರು ಹೊಸ ಆಕ್ಷೇಪ ತೆಗೆದರು: "ಮುಂದೆ ಕೂತವರು ಕೈ ಎತ್ತಿದರೆ ಹಿಂದಿನವರಿಗೆ ಅಯ್ಯನವರು ಕಾಣುವುದಿಲ್ಲ." ಅಯ್ಯನವರು ಅಂದರೆ ನಮ್ಮ ಪಾದ್ರಿಗಳು. ಹಾಗಾಗಿ ಕೈ ಎತ್ತುವವರು ಹಿಂದಿನ ಬೆಂಚುಗಳಲ್ಲಿ ಕೂರತಕ್ಕದ್ದು ಎಂದು ನಿರ್ಣಯವಾಯಿತು. ಪವಿತ್ರಾತ್ಮನಿಗೆ ಸೀಟು ಗೊತ್ತುಮಾಡಿದ ಸಮಿತಿ ಜಗತ್ತಿನಲ್ಲಿ ನಮ್ಮದೊಂದೇ ಇರಬೇಕು.

ಆದರೆ ಹಿಂದಿನ ಬೆಂಚುಗಳಿಗೆ ಮೊದಲೇ ಹಕ್ಕುದಾರರಿದ್ದರು: ತಡವಾಗಿ ಬರುವವರು ಮತ್ತು ಅಯ್ಯನವರ ಪ್ರಸಂಗದ ಹೊತ್ತಿಗೆ ತೂಕಡಿಸುವವರು. ಮುಂದಿನ ಭಾನುವಾರ ಅವರಿಗೆಲ್ಲ ಜಾಗ ಇಲ್ಲ. ಇಷ್ಟು ಕಾಲ ಧೂಳು ಮಾತ್ರ ಕೂರುತ್ತಿದ್ದ ಮೊದಲ ಬೆಂಚು ಭರ್ತಿಯಾಯಿತು. ಅಯ್ಯನವರ ಮೂಗಿನ ಕೆಳಗೆ ಎಚ್ಚರವಾಗಿ ಕೂತು ಸುಸ್ತಾದ ಒಬ್ಬ ಬಟ್ಟೆ ಅಂಗಡಿಯ ಅಂಕಲ್ ಆರಾಧನೆ ಮುಗಿದ ಕೂಡಲೇ ನನ್ನನ್ನು ಹಿಡಿದರು.

"ಟೀಚರ್, ನಾನು ಇನ್ನು ಮೇಲೆ ಕೈ ಎತ್ತುತ್ತೇನೆ."

ನನಗೆ ಕಣ್ಣು ತುಂಬಿ ಬಂತು. "ಅಂಕಲ್, ನಿಮಗೂ ಆತ್ಮದ ಅನುಭವ ಆಯಿತಾ?"

"ಅದೆಲ್ಲ ಗೊತ್ತಿಲ್ಲ. ಎತ್ತಿದರೆ ಹಿಂದೆ ಜಾಗ ಸಿಗುತ್ತದೆ ಅಲ್ವಾ?"

ಕಾರ್ಕಳದ ಸೌಖ್ಯ ಕೂಟ

ಕಾರ್ಕಳದಲ್ಲಿ ರೋಗಿಗಳಿಗಾಗಿ ವಿಶೇಷ ಪ್ರಾರ್ಥನಾ ಕೂಟ ಇತ್ತು. ನಮ್ಮ ಸ್ತ್ರೀಯರ ಸಂಘದವರು ವ್ಯಾನ್ ಮಾಡಿಕೊಂಡು ಹೋದೆವು. ದೂರದಿಂದ ಬಂದ ಬೋಧಕರು ಕಣ್ಣು ಮುಚ್ಚಿ ಹೇಳಿದರು: "ಇಲ್ಲಿ ಯಾರಿಗೋ ಮಂಡಿನೋವು ಉಂಟೆಂದು ನನಗೆ ದರ್ಶನವಾಗುತ್ತಿದೆ. ಅವರು ಎದ್ದು ನಿಲ್ಲಲಿ!" ನಮ್ಮ ಸಾಲಿನಲ್ಲಿದ್ದವರೆಲ್ಲ ಅರುವತ್ತು ದಾಟಿದವರು. ಯಾರೂ ಏಳಲಿಲ್ಲ. ಬೋಧಕರು ಮತ್ತೆ ಕರೆದರು. ಆಗ ಅಜೆಕಾರು ಮೂಲದ ನಮ್ಮ ಸಂಘದ ಅಧ್ಯಕ್ಷೆ ಕೂತಲ್ಲಿಂದಲೇ ಹೇಳಿದರು: "ಎದ್ದು ನಿಲ್ಲಲಿಕ್ಕೆ ಆಗುವುದಾದರೆ ನಾವು ಇಲ್ಲಿಗೆ ಬರುವುದು ಎಂತಕ್ಕೆ? ಕೈ ಎತ್ತಿ ಅನ್ನಿ ಮಾರಾಯ್ರೆ."

ಕಡೆಗೆ ಎಲ್ಲರೂ ಒಬ್ಬರನ್ನೊಬ್ಬರು ಹಿಡಿದು ಎದ್ದು ಸಾಲಿನಲ್ಲಿ ನಿಂತೆವು. ಬೋಧಕರು ಹಣೆಗೆ ಕೈ ಇಟ್ಟ ಕೂಡಲೇ ಕೆಲವರು ಆತ್ಮಭರಿತರಾಗಿ ಹಿಂದಕ್ಕೆ ಬೀಳುತ್ತಿದ್ದರು. ಬಿದ್ದವರನ್ನು ಹಿಡಿಯಲು ಬೆನ್ನ ಹಿಂದೆ ಒಬ್ಬ ಸ್ವಯಂಸೇವಕ ಇದ್ದ, ಕಡ್ಡಿಯಂಥ ಹುಡುಗ. ನಮ್ಮ ಅಧ್ಯಕ್ಷೆ ಒಳ್ಳೆಯ ಮೈಕಟ್ಟಿನವರು. ಅವರ ಸರದಿ ಬಂತು, ಬೋಧಕರ ಕೈ ಮೇಲೆ ಬಂತು. ಅವರು, "ಒಂದು ನಿಮಿಷ" ಎಂದು ತಿರುಗಿ ಹುಡುಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಮಗ, ನೀನೊಬ್ಬ ಸಾಲುವುದಿಲ್ಲ. ಇನ್ನಿಬ್ಬರನ್ನು ಕರಿ. ಆಮೇಲೆ ಬೀಳುತ್ತೇನೆ."

ಕಾಪು ಕಡಲ ಬದಿಯಲ್ಲಿ

ಯುವಜನರ ಶಿಬಿರ ಕಾಪುವಿನಲ್ಲಿ. ಅಯ್ಯನವರೂ ನಾನೂ ಜೊತೆಗೆ ಹೋಗಿದ್ದೆವು. ಸಂಜೆ ಸಮುದ್ರದ ಎದುರು ಸ್ತುತಿ ಆರಾಧನೆ. ನೀರಿನ ಅಂಚಿನಲ್ಲಿ ಸಾಲಾಗಿ ನಿಂತು, ಕಡಲಿನ ಕಡೆಗೆ ಕೈ ಚಾಚಿ, ಗಳಗಳ ಅಳುತ್ತಾ ದೇವರನ್ನು ಕರೆಯುತ್ತಿದ್ದಾರೆ. ಜನ ಸೇರಿದರು. ಲೈಟ್‌ಹೌಸಿನ ಕಡೆಯಿಂದ ಜೀವರಕ್ಷಕ ಸೀಟಿ ಊದುತ್ತಾ, ಟ್ಯೂಬ್ ಹೆಗಲಿಗೆ ಹಾಕಿಕೊಂಡು ಓಡಿ ಬಂದ.

"ಯಾರು ಹೋದದ್ದು? ಯಾವ ಕಡೆ ಹೋದದ್ದು?"

ಅಯ್ಯನವರು ಅವನ ತೋಳು ಹಿಡಿದು ನಿಲ್ಲಿಸಿದರು. "ಯಾರೂ ಹೋಗಲಿಲ್ಲ. ಎಲ್ಲರೂ ಇದ್ದಾರೆ. ಇದು ಸಂತೋಷದ ಪ್ರಾರ್ಥನೆ."

ಅವನು ಏದುಸಿರು ಬಿಡುತ್ತಾ ಮಕ್ಕಳನ್ನೊಮ್ಮೆ, ಅಯ್ಯನವರನ್ನೊಮ್ಮೆ ನೋಡಿದ. "ಸಂತೋಷಕ್ಕೆ ಇಷ್ಟು ಅಳುವುದಾ? ಹಾಗಾದರೆ ದುಃಖಕ್ಕೆ ಎಂತ ಮಾಡುತ್ತೀರಿ?"

ಅಯ್ಯನವರು ನನ್ನ ಕಡೆ ಒಂದು ನೋಟ ಎಸೆದು ಹೇಳಿದರು: "ದುಃಖಕ್ಕೆ ನಮ್ಮಲ್ಲಿ ಸಮಿತಿ ಮೀಟಿಂಗ್ ಉಂಟು."

ಅನ್ಯಭಾಷೆ

ಆತ್ಮದ ಪ್ರೇರಣೆಯಿಂದ ಯಾರಿಗೂ ತಿಳಿಯದ ಭಾಷೆಯಲ್ಲಿ ಪ್ರಾರ್ಥಿಸುವುದಕ್ಕೆ ಅನ್ಯಭಾಷೆ ಎನ್ನುತ್ತಾರೆ. ಹಾಗೆ ಮಾತಾಡಿದರೆ ಅರ್ಥ ಹೇಳುವವರೂ ಇರಬೇಕು ಎಂಬುದು ಪೋಸ್ಟ್‌ಮಾಸ್ಟರರ ಕಟ್ಟುನಿಟ್ಟು. ಒಂದು ಭಾನುವಾರ ಹಿಂದಿನ ಬೆಂಚಿನಿಂದ ಒಬ್ಬಳು ಹುಡುಗಿ ಎದ್ದು ಅರ್ಥವಾಗದ ಮಾತಿನಲ್ಲಿ ಬಹಳ ಹೊತ್ತು, ಬಹಳ ಭಾವದಿಂದ ಪ್ರಾರ್ಥಿಸಿದಳು. ಮಣಿಪಾಲದಲ್ಲಿ ನರ್ಸಿಂಗ್ ಕಲಿಯಲು ಬಂದವಳು. ಪೋಸ್ಟ್‌ಮಾಸ್ಟರರು ಇದಕ್ಕಾಗಿಯೇ ಕಾದಿದ್ದವರಂತೆ ಎದ್ದು ನಿಂತರು.

"ಇದರ ಅರ್ಥ ಹೇಳುವವರು ಯಾರು?"

ಅವಳ ಪಕ್ಕದಲ್ಲಿದ್ದ ಗೆಳತಿ ಮೆಲ್ಲನೆ ಎದ್ದು, ಇಲ್ಲಿಗೆ ಬಂದ ಮೇಲೆ ಕಲಿತ ಕನ್ನಡದಲ್ಲಿ ಹೇಳಿದಳು: "ಅಂಕಲ್, ನಾವು ಮಿಜೋರಾಮಿನವರು. ಅದು ನಮ್ಮ ಮಿಜೋ ಭಾಷೆ. ಹಾಸ್ಟೆಲಿನ ಊಟ ಸರಿ ಮಾಡು ದೇವರೇ ಅಂತ ಕೇಳಿದಳು."

ಆಮೆನ್ ಎಂಬ ದೊಡ್ಡ ಸ್ವರ ಬಂತು. ಅದು ಪೋಸ್ಟ್‌ಮಾಸ್ಟರರ ಹೆಂಡತಿಯದು. ಅವರು ಅಂದೇ ಆ ಇಬ್ಬರನ್ನು ಮನೆಗೆ ಕರೆದುಕೊಂಡು ಹೋಗಿ ಕೋಳಿ ಸಾರು ಸುರಿದ ಕೋರಿರೊಟ್ಟಿ ಬಡಿಸಿದರು, ಆಮೇಲೆ ಭಾನುವಾರದ ಊಟ ಅಲ್ಲೇ ಎಂದಾಯಿತು. ಪೋಸ್ಟ್‌ಮಾಸ್ಟರರು ನನ್ನ ಹತ್ತಿರ ಗೊಣಗಿದರು: "ಕೇಳಿದ್ದು ದೇವರ ಹತ್ತಿರ ಟೀಚರ್, ಕೋಳಿ ನನ್ನದು."

ಆಸ್ಪತ್ರೆಯಲ್ಲಿ

ಇಷ್ಟೆಲ್ಲ ನಕ್ಕರೂ ಜಗಳ ಮುಗಿದಿರಲಿಲ್ಲ. ಡ್ರಮ್ಮಿನ ವಿಷಯದಲ್ಲಿ ಮತ್ತೆ ಮಾತಿಗೆ ಮಾತು ಬೆಳೆಯಿತು. ಯುವಜನರು ನಿಜವಾಗಿಯೂ ಮಣಿಪಾಲದಲ್ಲಿ ಹಾಲ್ ನೋಡಿ, ಬರುವ ಭಾನುವಾರದಿಂದ ನಾವು ಬೇರೆ ಎಂದು ತಿಳಿಸಿದರು. ಅದೇ ವಾರ ಪೋಸ್ಟ್‌ಮಾಸ್ಟರರ ಹೆಂಡತಿಗೆ ಎದೆನೋವು ಬಂದು, ಹೃದಯದ ಆಪರೇಶನ್ ಆಗಬೇಕಾಯಿತು. ಅವರು ಈಗ ಹುಷಾರಾಗಿದ್ದಾರೆ, ಈ ಕತೆಯನ್ನು ನನಗಿಂತ ಚೆನ್ನಾಗಿ ಹೇಳುತ್ತಾರೆ. ಆದರೆ ಆ ಬೆಳಿಗ್ಗೆ ನಮಗ್ಯಾರಿಗೂ ಜೀವದಲ್ಲಿ ಜೀವ ಇರಲಿಲ್ಲ.

ನಾನೂ ಅಯ್ಯನವರೂ ಪೋಸ್ಟ್‌ಮಾಸ್ಟರರ ಜೊತೆ ಕಾಯುವ ಕೋಣೆಯಲ್ಲಿ ಕೂತಿದ್ದೆವು. ಅವರು ಪ್ರಾರ್ಥನಾ ಪುಸ್ತಕ ತೆರೆದಿದ್ದರು, ಪುಟ ಮಾತ್ರ ತಿರುಗುತ್ತಿರಲಿಲ್ಲ. ಅಷ್ಟರಲ್ಲಿ ಯುವಜನರ ಇಡೀ ತಂಡ ಬಂತು, ಕೋರಿರೊಟ್ಟಿ ತಿಂದ ಇಬ್ಬರು ಹುಡುಗಿಯರೂ ಇದ್ದರು. ಪೋಸ್ಟ್‌ಮಾಸ್ಟರರ ಸ್ವಭಾವ ಗೊತ್ತಿದ್ದುದರಿಂದ ದೂರದ ಮೂಲೆಯಲ್ಲಿ ನಿಂತು, ಕೈಕಟ್ಟಿ, ತುಟಿ ಮಾತ್ರ ಅಲ್ಲಾಡಿಸುತ್ತಾ ಪ್ರಾರ್ಥಿಸತೊಡಗಿದರು. ಪೋಸ್ಟ್‌ಮಾಸ್ಟರರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಪುಸ್ತಕ ಮುಚ್ಚಿ ಅವರ ನಡುವೆ ಹೋಗಿ ನಿಂತರು.

"ಎಂತ ಮಕ್ಕಳೇ ಇದು? ಭಾನುವಾರ ಕಿವಿ ತೂತು ಮಾಡುತ್ತೀರಿ, ಬೇಕಾದ ದಿನ ಪಿಸಿಪಿಸಿ! ಅವಳು ಮೇಲಿನ ಮಾಳಿಗೆಯಲ್ಲಿದ್ದಾಳೆ. ಜೋರು ಮಾಡಿ!"

ಅಷ್ಟು ಸಾಕಾಯಿತು. ಕೋಣೆ ನಡುಗಿತು. ಮಿಜೋ, ಕನ್ನಡ, ತುಳು, ಇಂಗ್ಲಿಷು ಎಲ್ಲ ಒಟ್ಟಿಗೆ ಮೇಲಕ್ಕೆ ಹೋಯಿತು. ಎಲ್ಲರಿಗಿಂತ ಎತ್ತರದಲ್ಲಿ ಎರಡು ಮುದಿ ಕೈಗಳು ನಿಂತಿದ್ದವು. ನನ್ನ ಸಭೆಯ ಬಗ್ಗೆ ಆ ದಿನದಷ್ಟು ಹೆಮ್ಮೆ ನನಗೆ ಯಾವತ್ತೂ ಆಗಿರಲಿಲ್ಲ.

ಬಾಗಿಲಲ್ಲಿ ಸೆಕ್ಯೂರಿಟಿಯವನು ಪ್ರತ್ಯಕ್ಷನಾದ. "ಎಂತ ಗಲಾಟೆ ಇದು? ಒಬ್ಬ ರೋಗಿಯ ಜೊತೆ ಒಬ್ಬರೇ ಇರಬೇಕು. ಬೇರೆಯವರೆಲ್ಲ ಹೊರಗೆ ಹೋಗಿ!"

ಪ್ರಾರ್ಥನೆ ನಿಂತಿತು. ಯುವಜನರು ಮುಖ ತಗ್ಗಿಸಿ ಬಾಗಿಲ ಕಡೆ ಹೊರಟರು. ಪೋಸ್ಟ್‌ಮಾಸ್ಟರರು ಎರಡೂ ಕೈ ಅಗಲಿಸಿ ಅವರಿಗೆ ಅಡ್ಡ ನಿಂತರು. ಕಣ್ಣೀರು ಒರೆಸಿಕೊಳ್ಳದೆಯೇ ಸೆಕ್ಯೂರಿಟಿಯವನನ್ನು ಗದರಿದರು:

"ಇಲ್ಲಿ ಬೇರೆಯವರು ಯಾರೂ ಇಲ್ಲ ಮಾರಾಯ. ಇರುವುದು ಒಂದೇ ಸಭೆ. ಬೇಕಾದರೆ ಎಣಿಸಿ ನೋಡು!"