ಹೊಟ್ಟೆಯೊಳಗಿನ ಹಳಬರು

ಕ್ಯಾಪ್ಸೂಲಿನ ಒಂದು ತುದಿ ಹಸಿರು, ಇನ್ನೊಂದು ಬಿಳಿ. ಕಿವಿಯ ಬಳಿ ಹಿಡಿದು ಅಲುಗಿಸಿದರೆ ಸದ್ದೇ ಇಲ್ಲ. ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು ಇಷ್ಟು ಮರ್ಯಾದೆಯಿಂದ ಒಂದೆಡೆ ಕೂತಿರುವುದನ್ನು ಕಂಡು ನನಗೆ ಅವುಗಳ ಮೇಲೆ ಗೌರವವೇ ಬಂತು. ನಾನೂ ಅದೇ ಸ್ವಭಾವದವಳು. ಹೊನ್ನಾಳಿಯ ಕಾಲೇಜೊಂದರಲ್ಲಿ ಗೃಹವಿಜ್ಞಾನ ಕಲಿಸುತ್ತೇನೆ. ನನ್ನ ಊರು ಜಗಳೂರು ಎಂಬುದನ್ನು ಬಿಟ್ಟರೆ ವಿದ್ಯಾರ್ಥಿನಿಯರಿಗೆ ನನ್ನ ಬಗ್ಗೆ ಏನೂ ತಿಳಿಯದು. ಹಲ್ಲುನೋವಿಗೆ ನುಂಗಿದ ಆಂಟಿಬಯಾಟಿಕ್ ಹೊಟ್ಟೆ ಕೆಡಿಸಿದಾಗ, ಹೊಟ್ಟೆಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಈ ಸುದ್ದಿ ಕಾಲೇಜಿಗೆ ಮುಟ್ಟಿದರೆ ಹೇಗೆ ಎಂಬ ಚಿಂತೆ. ಹೊನ್ನಾಳಿಯ ಮೆಡಿಕಲ್ ಶಾಪುಗಳಲ್ಲಿ ಯಾರಾದರೂ ವಿದ್ಯಾರ್ಥಿನಿಯ ಅಪ್ಪನೋ ಚಿಕ್ಕಪ್ಪನೋ ಇದ್ದೇ ಇರುತ್ತಾರೆ. ಹಾಗಾಗಿ ಡಾಕ್ಟರು ಬರೆದುಕೊಟ್ಟ ಈ ಕ್ಯಾಪ್ಸೂಲಿಗಾಗಿ ಬಸ್ಸು ಹತ್ತಿ ನ್ಯಾಮತಿಗೆ ಹೋದೆ.

ಅಂಗಡಿಯವರು ಚೀಟಿಯನ್ನು ಬೆಳಕಿಗೆ ಹಿಡಿದು, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ, "ಯಾರಿಗ್ರೀ ಇದು?" ಎಂದರು.

"ಪಕ್ಕದ ಮನೆಯವರಿಗೆ."

"ಭೇದಿನಾ, ಗ್ಯಾಸಾ?"

"ಕೇಳಲಿಲ್ಲ," ಎಂದೆ.

ಅವರು ಕನ್ನಡಕದ ಮೇಲಿಂದ ನನ್ನ ಮುಖ ನೋಡಿದರು. "ಪಕ್ಕದ ಮನೆಯೋರು ಬಾಳ ಸೊರಗ್ಯಾರೆ ಕಣ್ರೀ. ಮಜ್ಜಿಗೆ ಕುಡಿಯಾಕೆ ಹೇಳ್ರಿ ಅವರಿಗೆ. ಇವತ್ತೇ ಹೇಳ್ರಿ."

ಗುಟ್ಟು ನ್ಯಾಮತಿಯಲ್ಲಿ ರಟ್ಟಾದರೂ ಹೊನ್ನಾಳಿಯಲ್ಲಿ ಉಳಿಯಿತಲ್ಲ ಎಂದು ಸಮಾಧಾನಪಟ್ಟುಕೊಂಡೆ. ಅಷ್ಟಕ್ಕೇ ಸುಮ್ಮನಾಗಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಆದರೆ ಓದಿದ ಹೆಣ್ಣುಮಗಳು ಮಾತ್ರೆಗೆ ನೀರಷ್ಟೇ ಕುಡಿದು ಸುಮ್ಮನಿರುತ್ತಾಳೆಯೇ? ಕರುಳಿಗೆ ಬಂದ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಊಟ ಬೇಕು; ನಮ್ಮಿಂದ ಅರಗಿಸಲಾಗದ ಕೆಲವು ಕಾರ್ಬೋಹೈಡ್ರೇಟುಗಳೇ ಅವುಗಳ ಊಟ; ಇವನ್ನು ಪ್ರಿಬಯಾಟಿಕ್ ಎನ್ನುತ್ತಾರೆ. ಹಿಂದಿನ ವಾರವಷ್ಟೇ ಈ ಪಾಠ ಮುಗಿಸಿದ್ದೆ. ಸರಿ, ರಾತ್ರಿ ಹಸಿ ಈರುಳ್ಳಿ, ಬೆಳ್ಳುಳ್ಳಿ ಚಟ್ನಿ, ಒಂದು ಬಟ್ಟಲು ಬೇಯಿಸಿದ ಅಲಸಂದೆ ಕಾಳು, ಮೇಲೊಂದು ಅರೆಗಾಯಿ ಬಾಳೆಹಣ್ಣು ತಿಂದೆ. ಮರೆತದ್ದು ಇಷ್ಟೇ: ಕ್ಯಾಪ್ಸೂಲಿನವು ಹೊಸಬರು, ಬಂದಷ್ಟೇ ಬೇಗ ಹೊರಟುಬಿಡಲೂಬಹುದು. ಕರುಳಿನಲ್ಲಿ ಮೊದಲಿನಿಂದ ಮನೆ ಮಾಡಿಕೊಂಡಿರುವ ಹಳಬರು ಪಂಕ್ತಿಯಲ್ಲಿ ಮುಂದೆಯೇ ಕೂತಿರುತ್ತಾರೆ. ಔತಣ ಅವರೂ ಉಂಡರು. ಉಂಡು, ಹುಳಿಯೆಬ್ಬಿಸಿ, ಗಾಳಿ ಬಿಟ್ಟರು.

ಬೆಳಿಗ್ಗೆ ನನ್ನದೇ ವಿಷಯದ ಕಿರುಪರೀಕ್ಷೆ. ಪೆನ್ನುಗಳ ಸರಸರ ಬಿಟ್ಟರೆ ಕೋಣೆ ನಿಶ್ಶಬ್ದ. ಅಷ್ಟರಲ್ಲಿ ನನ್ನ ಹೊಟ್ಟೆ ಸಣ್ಣಗೆ ಶುರುಮಾಡಿ, ದೊಡ್ಡದಾಗಿ ಏರಿ, ಕೊನೆಗೆ ಪ್ರಶ್ನೆ ಕೇಳಿದಂತೆ ರಾಗ ಎಳೆದು ನಿಲ್ಲಿಸಿತು. ಕೆಮ್ಮಿದೆ. ಕುರ್ಚಿ ಎಳೆದೆ. ಬೆಂಚಿನಿಂದ ಬೆಂಚಿಗೆ ಓಡಾಡಿದೆ. ಸದ್ದೂ ನನ್ನ ಜೊತೆ ಓಡಾಡಿತು. ಅದರ ಮೂಲ ಯಾವುದೆಂಬ ಅನುಮಾನ ಯಾರಿಗಾದರೂ ಇದ್ದಿದ್ದರೆ ಅದೂ ಪರಿಹಾರವಾಯಿತು.

ಮುಂದಿನ ಬೆಂಚಿನ ನಸೀಮಾ ತಲೆ ಎತ್ತಿದಳು. "ಮೇಡಂ, ಮೂರನೇ ಪ್ರಶ್ನೆಗೆ ನೀವೇ ಉತ್ತರ ಹೇಳ್ಕೊಡಾಕೆ ಹತ್ತೀರಲ್ರೀ!"

ಪ್ರಶ್ನೆಪತ್ರಿಕೆ ನೋಡಿದೆ. ನಾನೇ ಬರೆದದ್ದು: 'ಪ್ರಿಬಯಾಟಿಕ್ ಆಹಾರವನ್ನು ಒಮ್ಮೆಲೇ ಹೆಚ್ಚಿಸಿದರೆ ಕರುಳಿನಲ್ಲಿ ಏನಾಗುತ್ತದೆ? ವಿವರಿಸಿ.'

"ಮಾತಾಡಬಾರದು," ಎಂದೆ, ಆದಷ್ಟು ಗಂಭೀರವಾಗಿ.

"ಯಾರಿಗ್ರೀ ಹೇಳಿದ್ದು?" ಎಂದಳು ಪಕ್ಕದ ರೇಖಾ. "ನಮಗಾ, ಅದಕ್ಕಾ?"

ಇಡೀ ಕೋಣೆ ನಕ್ಕಿತು. ಅದು ಮಾತ್ರ ನಗು ನಿಲ್ಲುವವರೆಗೆ ಕಾದು, ಇನ್ನೊಮ್ಮೆ ಉತ್ತರಿಸಿತು.

ಮಾರನೆಯ ಬೆಳಿಗ್ಗೆ ಸ್ಟಾಫ್ ರೂಮಿನ ಮೂಲೆಯಲ್ಲಿ ಉತ್ತರಪತ್ರಿಕೆ ತಿದ್ದಲು ಕೂತೆ. ಹೊಟ್ಟೆ ಉಬ್ಬರಿಸುತ್ತದೆ ಎಂದು ಎಲ್ಲರೂ ಬರೆದಿದ್ದರು, ಅದು ಪಾಠದಲ್ಲಿತ್ತು. 'ಗುಡುಗುಡು ಸದ್ದು ಬರುತ್ತದೆ, ಹಿಂದಿನ ಬೆಂಚಿಗೂ ಕೇಳಿಸುತ್ತದೆ' ಎಂದೂ ಎಲ್ಲರೂ ಬರೆದಿದ್ದರು; ಅದು ಪಾಠದಲ್ಲಿರಲಿಲ್ಲ. ಪಾಠದಲ್ಲಿಲ್ಲದ ಒಂದೇ ವಾಕ್ಯ ಎಲ್ಲರ ಪತ್ರಿಕೆಯಲ್ಲೂ ಕಂಡರೆ ಸಾಮೂಹಿಕ ನಕಲು ಎಂದು ಪ್ರಾಂಶುಪಾಲರಿಗೆ ವರದಿ ಕೊಡಬೇಕೆಂಬುದು ನಮ್ಮಲ್ಲಿ ನಿಯಮ. ಯಾರನ್ನು ನೋಡಿ ನಕಲು ಮಾಡಿದರು ಎಂಬುದನ್ನೂ ಅದರಲ್ಲಿ ಹೆಸರಿಸಬೇಕು. ಎಲ್ಲರಿಗೂ ಪೂರ್ತಿ ಅಂಕ ಕೊಟ್ಟೆ.