ನಾಲ್ಕು ಎಳೆತ

ಮಾರ್ಚ್ ತಿಂಗಳು ಬಂತೆಂದರೆ ಕೂಪರ್ಸ್ ಬೇ ಊರಲ್ಲಿ ಎಲ್ಲರ ಮೈಯಿಂದಲೂ ಸೇಬಿನ ವಾಸನೆ ಹೊಡೆಯುತ್ತದೆ. ಆ ದಿನವೂ ಹ್ಯೂಅನ್ ನದಿಯ ಮಂಜು ತೋಟದೊಳಕ್ಕೆ ನುಗ್ಗುವ ಹೊತ್ತಿಗೆ ಹೊರೇಸ್ ಟಿಲ್ಲಿ ಎದೆಗೆ ಚೀಲ ಕಟ್ಟಿಕೊಂಡು ಏಣಿಯ ಮೇಲಿದ್ದ. ತೊಟ್ಟು ಮುರಿಯದಂತೆ ಒಂದೊಂದೇ ಹಣ್ಣನ್ನು ತಿರುಚಿ ಕೀಳುತ್ತಿದ್ದ. ಅವನದು ಅವಸರವಿಲ್ಲದ ಕೈ. ಆಯುಷ್ಯದ ಬಹುಭಾಗ ಹಗ್ಗ ಹಿಡಿದ ಕೈ ಅದು.

"ಹೊರೇಸ್, ಕೆಳಗಿಳಿ! ಒಂದು ಗುಟ್ಟು ಹೇಳೋದಿದೆ!"

ಏಣಿಯ ಬುಡದಲ್ಲಿ ನಿಂತು ಕೂಗಿದವನು ಅರ್ನಿ ಕ್ವಿಲ್. ಆಳದ ನೀರು ಅವನ ಕಿವಿಗಳನ್ನು ತಿಂದುಹಾಕಿತ್ತು. ಅವನು ಪಿಸುಗುಟ್ಟಿದರೂ ನದಿಯಾಚೆ ಮೇಯುವ ಹಸುಗಳು ತಲೆಯೆತ್ತುತ್ತಿದ್ದವು.

"ಅಲ್ಲಿಂದ್ಲೇ ಹೇಳು. ಊರಿಗೆಲ್ಲ ಕೇಳ್ತಾ ಇದೆ."

"ಇವತ್ತು ಸಂಜೆ ನನ್ನ ಪುಸ್ತಕದ ಪರವಾಗಿ ನೀನೇ ಮಾತಾಡ್ಬೇಕು."

ಹೊರೇಸನ ಕೈಯಲ್ಲಿದ್ದ ಸೇಬು ಜಾರಿ ಅರ್ನಿಯ ಬೂಟಿನ ಮೇಲೆ ಬಿತ್ತು.

ಊರಿನ ಗ್ರಂಥಾಲಯದವರು ವರ್ಷಾವರ್ಷ ಸುಗ್ಗಿಯಲ್ಲಿ ಒಂದು ಸಭೆ ಸೇರಿಸುತ್ತಾರೆ. ಸುಗ್ಗಿಯ ಬೆನ್ನಿಗೇ ಬರುವ ಚಳಿಗಾಲವಿಡೀ ಊರೆಲ್ಲ ಕೂಡಿ ಓದಲು ಒಂದು ಪುಸ್ತಕ ಆರಿಸಬೇಕು. ಒಂದೊಂದು ಪುಸ್ತಕದ ಮುಂದೆ ಒಂದೊಂದು ಪೆಟ್ಟಿಗೆ. ಮೆಚ್ಚಿದವರು ಅದರೊಳಗೆ ಸೇಬು ಹಾಕಬೇಕು. ಬರೆದವನು ತನ್ನದನ್ನು ತಾನೇ ಹೊಗಳಿಕೊಳ್ಳುವಂತಿಲ್ಲ, ಬೇರೆಯವರು ಎದ್ದು ನಿಂತು ಶಿಫಾರಸು ಮಾಡಬೇಕು. ಹೋದ ವರ್ಷ ಗೆದ್ದದ್ದು ಬೆರಿಲ್ ಸ್ಟ್ಯಾಕ್‌ಹೌಸ್ ಬರೆದ ಚಟ್ನಿ ಪುಸ್ತಕ. ಚಳಿಗಾಲ ಕಳೆಯುವಷ್ಟರಲ್ಲಿ ಊರಿಗೆ ಊರೇ ಹುಳಿತೇಗು ತೇಗುತ್ತಿತ್ತು. ಈ ಸಲ ಬೆರಿಲ್ ಎರಡನೇ ಭಾಗ ತಂದಿದ್ದಳು.

ಅರ್ನಿಯದು ಮುಳುಗುಗಾರನ ಆತ್ಮಕಥೆ. ನೌಕಾಪಡೆಯಲ್ಲಿದ್ದಾಗ ಬಂದರಿನ ಕೆಸರಲ್ಲಿ ಹೂತ ಹಳೆಯ ಬಾಂಬುಗಳನ್ನು ತಡವಿ ತೆಗೆದದ್ದು, ಆಮೇಲೆ ಕೂಲಿಗೆ ನಿಂತು ಬಾಸ್ ಜಲಸಂಧಿಯಲ್ಲಿ ಸಮುದ್ರದಡಿಯ ಎಣ್ಣೆ ತೆಗೆಯುವ ಕಟ್ಟೆಗಳ ಕಾಲನ್ನು ನೀರಡಿಯಲ್ಲೇ ಬೆಸೆದದ್ದು, ಅಣೆಕಟ್ಟಿನ ತೂಬಿಗೆ ಇಳಿದದ್ದು, ಎಲ್ಲವೂ ಅದರಲ್ಲಿತ್ತು. ಅವನು ಇಳಿದಲ್ಲೆಲ್ಲ ಹಗ್ಗದ ಇನ್ನೊಂದು ತುದಿ ಹಿಡಿದು ದೋಣಿಯಲ್ಲಿ ಕೂತವನು ಹೊರೇಸ್. ಪುಸ್ತಕ ಬಂದ ದಿನ ಹೊರೇಸ್ ಸಾಲುಸಾಲಿಗೂ ಬೆರಳಿಟ್ಟು ಹುಡುಕಿದ. ತನ್ನ ಹೆಸರು ಎಲ್ಲೂ ಇಲ್ಲ. ಎಲ್ಲ ಕಡೆಯೂ 'ಮೇಲೆ ಹಗ್ಗ ಹಿಡಿದಿದ್ದವನು' ಅಷ್ಟೇ. ಅದು ದೇವರೆಂದೇ ತಿಳಿದು ಪಾದ್ರಿಗಳು ಒಂದು ಭಾನುವಾರ ಉಪದೇಶವನ್ನೂ ಮಾಡಿ ಮುಗಿಸಿದರು. ಆ ದಿನ ಹೊರೇಸ್ ಹಿಂದಿನ ಬೆಂಚಿನಲ್ಲಿ ಕೂತು ತನ್ನ ಕೈಯನ್ನು ತಾನೇ ನೋಡಿಕೊಂಡಿದ್ದ.

"ನಾಲ್ಕು ಜನರ ಮುಂದೆ ನಂಗೆ ನಾಲಿಗೆ ಹೊರಳಲ್ಲ ಮಾರಾಯ," ಎಂದ ಈಗ.

"ನೀನಲ್ದೆ ಇನ್ಯಾರಿಗೆ ಗೊತ್ತು? ನೋಡು, ಇವತ್ತು ಗೆದ್ರೆ ಎರಡನೇ ಮುದ್ರಣ ಮಾಡ್ತಾರಂತೆ. ಅದ್ರಲ್ಲಿ ನಿನ್ನ ಹೆಸರು ಹಾಕಿಸ್ತೀನಿ. ಪುಟಪುಟದಲ್ಲೂ."

ಹೊರೇಸ್ ಏಣಿಯ ಒಂದು ಮೆಟ್ಟಿಲು ಇಳಿದು ಕೇಳಿದ. "ಮೊದಲ್ನೇದ್ರಲ್ಲಿ ಯಾಕೆ ಹಾಕ್ಲಿಲ್ಲ?"

ಅರ್ನಿ ಟೋಪಿ ತೆಗೆದು ಅದರೊಳಗೆ ಇಣುಕಿದ, ಉತ್ತರ ಅಲ್ಲೆಲ್ಲೋ ಇದ್ದ ಹಾಗೆ. "ಬರೀವಾಗ ನಿಂಗೊಂದು ಹೆಸರಿದೆ ಅಂತ್ಲೇ ಹೊಳೀಲಿಲ್ಲ ಕಣೋ. ನಮ್ಮ ಕೈಗೆ ನಾವು ಹೆಸರಿಟ್ಟು ಕರೀತೀವಾ?"

ಇದು ಬೈಗುಳವೋ ಹೊಗಳಿಕೆಯೋ ಹೊರೇಸನಿಗೆ ತಿಳಿಯಲಿಲ್ಲ. ಎದೆ ಮಾತ್ರ ಚೀಲಕ್ಕಿಂತ ಭಾರವಾಯಿತು. "ಆಯ್ತು. ಆದ್ರೆ ಹಗ್ಗ ಬೇಕು. ಹಗ್ಗ ಇಲ್ದೆ ನಾನು ಆ ವೇದಿಕೆ ಹತ್ತಲ್ಲ."

ಅವರಿಬ್ಬರ ಭಾಷೆಯೇ ಹಗ್ಗ. ಒಂದು ಎಳೆತವೆಂದರೆ 'ಚೆನ್ನಾಗಿದ್ದೀಯಾ?' ಮರಳಿ ಒಂದು ಬಂದರೆ 'ಚೆನ್ನಾಗಿದ್ದೀನಿ.' ಕೆಳಗಿನವನು ನಾಲ್ಕು ಎಳೆದರೆ 'ನನ್ನನ್ನು ಎಳೆದುಕೋ.' ಆಗ ಯಾಕೆ ಏನು ಎನ್ನುವಂತಿಲ್ಲ, ಕೈ ಎಳೆಯಬೇಕು. ಇನ್ನೊಂದು ಕಟ್ಟಳೆಯೂ ಇತ್ತು: ಹಗ್ಗದಲ್ಲಿ ಆಡಿದ್ದನ್ನು ದಡದಲ್ಲಿ ಆಡಬಾರದು. ಕೆಳಗಿದ್ದವನು ಯಾವಾಗ ಹೆದರಿದ, ಯಾವಾಗ ಅತ್ತ ಎಂಬುದು ಇಬ್ಬರ ನಡುವೆಯೇ ಉಳಿಯಬೇಕು.

ಹೊರೇಸ್ ಹೇಳಬೇಕಾದ ಮಾತನ್ನೆಲ್ಲ ಹಣ್ಣು ಸುತ್ತುವ ಕಾಗದವೊಂದರ ಮೇಲೆ ಗೀಚಿಕೊಂಡು, ಮಧ್ಯಾಹ್ನ ಪ್ಯಾಕಿಂಗ್ ಶೆಡ್ಡಿನಲ್ಲಿ ರೊಟ್ಟಿ ತಿನ್ನುವಾಗ ಪಕ್ಕದಲ್ಲಿಟ್ಟ. ತಿಂದು ತಿರುಗುವಷ್ಟರಲ್ಲಿ ಯಾರೋ ಅದರಲ್ಲಿ ಒಂದು ಸೇಬು ಸುತ್ತಿ ಪೆಟ್ಟಿಗೆಗೆ ಹಾಕಿಯಾಗಿತ್ತು. ಪೆಟ್ಟಿಗೆ ಲಾರಿಯೇರಿತ್ತು, ಲಾರಿ ಹೊಬಾರ್ಟಿನ ದಾರಿ ಹಿಡಿದಿತ್ತು.

"ಭಾಷಣ ಹೋಯ್ತಾ? ಒಳ್ಳೇದೇ ಆಯ್ತು ಬಿಡು," ಎಂದಳು ಬೆರಿಲ್, ಹಣ್ಣು ವಿಂಗಡಿಸುತ್ತಲೇ. "ನಿನ್ನ ಹೆಸರೇ ಇಲ್ಲದ ಪುಸ್ತಕಕ್ಕೆ ನೀನು ಶಿಫಾರಸು ಮಾಡೋದು, ಮದುವೆಗೆ ಕರೀದೇ ಇದ್ದೋನು ಹೋಗಿ ಪಾತ್ರೆ ತೊಳೆದು ಬಂದ ಹಾಗೆ."

ಊರಿನ ವಾರಪತ್ರಿಕೆ ನಡೆಸುವ ಗಸ್ ಮೆಲ್ರೋಸ್ ಸುದ್ದಿ ಮೂಸುತ್ತ ಅಲ್ಲೇ ಇದ್ದ. "ವೇದಿಕೆಗೂ ಹಗ್ಗ ಬೇಕು ಅಂದ್ಯಂತೆ. ನಾನಾಗಿದ್ರೆ ಆ ಹಗ್ಗಾನ ಒಂದ್ಸಲ ಜೋರಾಗಿ ಎಳೆದು ಅವನಿಗೆ ಬುದ್ಧಿ ಕಲಿಸ್ತಿದ್ದೆ."

"ಇವನಾ? ಇವನೆಲ್ಲಿ ಎಳೀತಾನೆ! ಗೂಟಕ್ಕೆ ಕಟ್ಟಿದ ದೋಣಿ ಇದು," ಎಂದಳು ಬೆರಿಲ್.

ಅಂಗಡಿಗೆ ಹೋದರೆ ಅಲ್ಲೂ ಇದೇ ಮಾತು. ಚರ್ಚಿನ ಬಾಗಿಲಲ್ಲಿ ಪಾದ್ರಿಗಳು ಭುಜ ತಟ್ಟಿ, "ಕ್ಷಮಿಸಿಬಿಡಪ್ಪಾ," ಎಂದರು. ಕ್ಷಮಿಸುವಂಥದ್ದು ಏನೋ ನಡೆದಿದೆ ಎಂದು ಹೊರೇಸನಿಗೂ ಅನುಮಾನ ಹತ್ತಿತು. ಕೊನೆಗೆ ಸಭಾಭವನದ ಮೆಟ್ಟಿಲಲ್ಲಿ ಗಸ್ ಮತ್ತೆ ಎದುರಾಗಿ, "ಏನ್ ಹೊರೇಸ್, ಎಳೀತೀಯೋ ಇಲ್ವೋ?" ಎಂದಾಗ ಅವನ ತಾಳ್ಮೆ ಹರಿಯಿತು.

"ಎಳೀತೀನಿ ಕಣಯ್ಯಾ! ಇವತ್ತೇ ಎಳೀತೀನಿ, ನೋಡ್ತಾ ಇರು! ಈಗ ದಾರಿ ಬಿಡು!"

ಗಸ್ ದಾರಿ ಬಿಟ್ಟ. ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದ.

ಸಭೆ ಕಿಕ್ಕಿರಿದಿತ್ತು. ವೇದಿಕೆಯ ಹಿಂಬದಿಯ ಕುರ್ಚಿಯಲ್ಲಿ ಅರ್ನಿ ಕೂತಿದ್ದ. ಹಗ್ಗದ ಬದಲಿಗೆ ಕೋಟಿನೊಳಗೆ ಅವನ ಕಂಕುಳ ಬಳಸಿ ಬಿಗಿದ ಮೀನುಬಲೆಯ ಹುರಿ ನೆಲದ ಮೇಲೆ ಹರಿದು ಬಂದು ಹೊರೇಸನ ಮುಷ್ಟಿ ಸೇರಿತ್ತು. ಇಬ್ಬರ ನಡುವೆ ಸೇಬಿನ ಪೆಟ್ಟಿಗೆಗಳ ಮೇಜು. ಅದರ ತುದಿಯಲ್ಲಿ ಬೆರಿಲ್ ಗೋಪುರದಂತೆ ಪೇರಿಸಿಟ್ಟ ಚಟ್ನಿ ಬಾಟಲಿಗಳು.

ಹೊರೇಸ್ ಬಾಯಿ ತೆರೆದ. ಗಾಳಿ ಬಿಟ್ಟು ಬೇರೇನೂ ಬರಲಿಲ್ಲ. ಆಗ ಹುರಿಯಲ್ಲಿ ಒಂದು ಎಳೆತ ಬಂತು. ಚೆನ್ನಾಗಿದ್ದೀಯಾ? ಅವನ ಕೈ ತಾನಾಗಿ ಒಂದು ಎಳೆಯಿತು. ಚೆನ್ನಾಗಿದ್ದೀನಿ.

"ಈ ಪುಸ್ತಕ ಓದಿ," ಎಂದ. "ಇದ್ರಲ್ಲಿ ಅರ್ಧ ಬರೀ ಕಾಯೋದೇ ಇದೆ. ಡೈವರ್ ಕೆಲಸ ಅಂದ್ರೆ ಹಾಗೇ. ಆಳದಿಂದ ಒಂದೇ ಸಲ ಮೇಲೆ ಬರೋ ಹಾಗಿಲ್ಲ, ರಕ್ತ ಸೋಡಾ ಥರ ಉಕ್ಕತ್ತೆ. ಮಧ್ಯ ನೀರಲ್ಲಿ ಹಗ್ಗಕ್ಕೆ ಜೋತು ಬಿದ್ದು ಕಾಯ್ಬೇಕು. ಇವನು ಅಲ್ಲಿ ಕೀರ್ತನೆ ಹಾಡ್ತಿದ್ದ. ಶ್ರುತಿ ತಪ್ಪಿ ಹಾಡೋದು ಅವನ ಹೆಲ್ಮೆಟ್ಟಿನ ಟೆಲಿಫೋನಲ್ಲಿ ಮೇಲೆ ನಂಗೆ ಕೇಳ್ತಿತ್ತು. ಬಂದರಿನ ಬಾಂಬಿನ ವಿಷಯ ಇದೆ, ಅದನ್ನ ನಿಧಾನವಾಗಿ ಓದಿ. ಕಣ್ಣು ಕಾಣದ ಕೆಸರು. ಕೈಗವಸು ತೆಗೆದುಹಾಕಿ, ಬರಿಗೈಯಲ್ಲಿ, ಮಗೂನ ಮುಖ ಸವರೋ ಹಾಗೆ ಸವರಿದಾನೆ. ಆಚೆ ದಡದಲ್ಲಿ ಊರು ಮಲಗಿತ್ತು. ಆ ಊರೋರಿಗೆ ಇವತ್ತಿಗೂ ಗೊತ್ತಿಲ್ಲ. ಇವನೂ ಹೋಗಿ ಹೇಳ್ಲಿಲ್ಲ. ಪುಸ್ತಕದಲ್ಲಿ ಕೂಡ ಎರಡೇ ಸಾಲಲ್ಲಿ ಮುಗಿಸಿದಾನೆ. ನಮ್ಮೂರಲ್ಲಿ ಇಂಥೋನೊಬ್ಬ ಇದ್ದಾನಲ್ಲ ಅಂತ ನಂಗೆ... ನಂಗೆ ಅಷ್ಟೇ ಸಾಕು."

ಮೊದಲು ಹಿಂದಿನ ಸಾಲು ಎದ್ದಿತು, ಮುಂದಿನ ಸಾಲು ಎದ್ದಿತು, ಬೆರಿಲ್ ಕೂಡ ಮೂಗೊರೆಸಿಕೊಳ್ಳುತ್ತ ಅರ್ಧ ಎದ್ದಳು. ಸೇಬುಗಳು ಧಡಧಡನೆ ಅರ್ನಿಯ ಪೆಟ್ಟಿಗೆಗೆ ಬಿದ್ದವು. ಯಾರೋ ಕೂಗಿದರು: "ಅರ್ನಿ ಮಾತಾಡ್ಲಿ!" ಸಭೆಯೆಲ್ಲ ನೆಲ ಒದೆಯುತ್ತ ದನಿಗೂಡಿಸಿತು: "ಅರ್ನಿ! ಅರ್ನಿ!"

ಹುರಿ ಮಿಡಿಯಿತು. ಒಂದು. ಎರಡು. ಮೂರು. ನಾಲ್ಕು.

ತಲೆ ಯೋಚಿಸುವ ಮೊದಲೇ ಹೊರೇಸನ ಕೈಗಳು ಎಳೆದಿದ್ದವು. ಕೈ ಮೇಲೆ ಕೈ, ಬೆನ್ನು ಬಾಗಿಸಿ, ಬಿರುಗಾಳಿಯಲ್ಲಿ ಎಳೆದ ಹಾಗೆ. ಅರ್ನಿ ಕುರ್ಚಿಸಮೇತ ಹೊರಟ. ಕುರ್ಚಿ ಮೇಜಿಗೆ ಬಡಿಯಿತು, ಮೇಜು ಮಗುಚಿತು, ಸೇಬುಗಳು ಬಾಗಿಲು ತೆರೆದ ಕೊಟ್ಟಿಗೆಯ ಕುರಿಗಳಂತೆ ಸಭೆಯೊಳಗೆ ನುಗ್ಗಿದವು, ಚಟ್ನಿಯ ಗೋಪುರ ನೇರವಾಗಿ ಲೇಖಕನ ತಲೆಯ ಮೇಲೆ ಕುಸಿಯಿತು.

"ಎಳೆದೇ ಬಿಟ್ಟ!" ಎಂದು ಗಸ್ ಚೀರಿದ. "ಮೆಟ್ಟಿಲಲ್ಲೇ ಹೇಳಿದ್ದ ನಂಗೆ!"

"ಹೆಸರು ಹಾಕ್ಲಿಲ್ಲ ಅಂತ ಇಷ್ಟು ಸೇಡಾ? ಪಾಪ, ಆ ಮುದುಕನ್ನ!" ಎಂದಳು ಬೆರಿಲ್.

ಹೊರೇಸ್ ಮಂಡಿಯೂರಿ ಅರ್ನಿಯ ಮುಖದ ಚಟ್ನಿ ಒರೆಸಿದ. ಬಾಂಬಿನ ಮುಂದೆ ನಡುಗದ ಆ ಮುಖ ಈಗ ಹಿಟ್ಟಿನಂತೆ ಬಿಳಿಚಿಕೊಂಡಿತ್ತು. "ಅಷ್ಟು ಜನ ಕಣೋ," ಎಂದು ಅರ್ನಿ ತುಟಿಯಲ್ಲೇ ಅಂದ. ಜನ್ಮದಲ್ಲಿ ಮೊದಲ ಸಲ ಅವನ ಪಿಸುಮಾತು ಬೇರೆ ಯಾರಿಗೂ ಕೇಳಲಿಲ್ಲ. "ಉಸಿರು ಸಿಗ್ಲಿಲ್ಲ. ಹೇಳ್ಬೇಡ."

ಹೊರೇಸ್ ಎದ್ದು ನಿಂತ. ಹೇಳುವುದಕ್ಕೆ ಒಂದೇ ಮಾತಿತ್ತು. ಅದು ಹಗ್ಗದ ಮಾತು.

"ಯಾಕೆ ಎಳೆದೆ?" ಎಂದರು ಪಾದ್ರಿಗಳು, ದುಃಖದಿಂದ.

"ಎಳೀಬೇಕು ಅನ್ನಿಸ್ತು," ಎಂದ ಹೊರೇಸ್.

ಸೇಬುಗಳು ಬೆರೆತುಹೋಗಿದ್ದರಿಂದ ಕೈಯೆತ್ತಿಸಿ ಆರಿಸಿದರು. ಪೆಟ್ಟು ತಿಂದ ಲೇಖಕನಿಗೆ ಊರೆಲ್ಲ ಕೈಯೆತ್ತಿತು. ಪುಸ್ತಕ ಗೆದ್ದಿತು. ಗಸ್ ಓಡೋಡಿ ಬಂದ. "ಹೊರೇಸ್, ನಿನ್ನ ಹೆಸರು ಪೂರ್ತಿ ಹೇಳು. ಪತ್ರಿಕೆ ಮೊದಲನೇ ಪುಟಕ್ಕೆ, ದಪ್ಪಕ್ಷರದಲ್ಲಿ!"

ಇಬ್ಬರೂ ಮನೆಯ ದಾರಿ ಹಿಡಿದರು. ಹುರಿ ಬಿಚ್ಚಲು ಇಬ್ಬರಿಗೂ ನೆನಪಾಗಿರಲಿಲ್ಲ.

"ನಿಂದೊಂದು ಋಣ ಇದೆ ನನ್ನ ಮೇಲೆ," ಎಂದು ಅರ್ನಿ ಕೂಗಿದ. "ನಾಳೆನೇ ಪ್ರಕಾಶಕರಿಗೆ ಹೇಳ್ತೀನಿ. ಪುಟಪುಟದಲ್ಲೂ ಹೊರೇಸ್ ಟಿಲ್ಲಿ!"

"ಬೇಡ."

"ಏನಂದೆ?"

ಹೊರೇಸ್ ನಿಂತು ಅವನ ಕಿವಿಗೆ ಬಾಯಿಟ್ಟು ಹೇಳಿದ. "ಈಗ ಹಾಕಿಸಿದ್ರೆ, ಕೆಡವಿ ಹೆದರಿಸಿ ಹಾಕಿಸ್ಕೊಂಡ ಅಂತಾರೋ ಊರೋರು. ಹಾಗೇ ಇರ್ಲಿ. ಹಗ್ಗ ಹಿಡಿದೋನು ಅಂತಾನೇ ಇರ್ಲಿ."

ಅರ್ನಿಯ ಮನೆಯ ಗೇಟಿನ ಹತ್ತಿರ ಬಂದಾಗ ಹೊರೇಸನ ಮುಷ್ಟಿಯೊಳಗೆ ಹುರಿ ಮೆಲ್ಲಗೆ ಒಂದು ಸಲ ಮಿಡಿಯಿತು.

ಹೊರೇಸ್ ಸ್ವಲ್ಪ ಹೊತ್ತು ಕಾಯಿಸಿದ. ಆಮೇಲೆ ಒಂದು ಎಳೆದ.